ಇಸ್ತ್ರಿ ಪೆಟ್ಟಿಗೆಯ ಕೆಂಡ

ಚಳಿ ಬಂತೆಂದರೆ ಆ ಬೀದಿಯ ಮನೆಗಳಲ್ಲೆಲ್ಲ ಒಂದೇ ಗೋಳು. ಮೊದಲೆಲ್ಲ ಅದಕ್ಕೊಂದು ದಾರಿಯಿತ್ತು. ಇಸ್ತ್ರಿ ಅಂಗಡಿಯವನು ಸಂಜೆ ಕೆಲಸ ಮುಗಿಸಿ, ಪೆಟ್ಟಿಗೆಯಲ್ಲಿ ಉಳಿದ ಕೆಂಡವನ್ನು ಬಾಣಲೆಗೆ ಸುರಿದು ಒಳಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದ. ಅಕ್ಕಪಕ್ಕದವರಿಗೂ ಒಂದಿಷ್ಟು ಕೊಡುತ್ತಿದ್ದ. ಎರಡು ವರ್ಷದಿಂದ ಮಾತ್ರ ಕೆಂಡಕ್ಕೆಲ್ಲ ತಾನೇ ನೀರು ಸುರಿದುಬಿಡುತ್ತಿದ್ದ. ಯಾಕೆಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಕೆಂಡದಲ್ಲೂ ಜಿಪುಣತನವೇ ಎಂದು ಜನ ಆಡಿಕೊಂಡರು.

ಅವನ ಒಬ್ಬನೇ ಮಗ ಸೈನಿಕನಾಗಿದ್ದ. ಶಾಂತಿ ಕಾಯುವ ಪಡೆಯೊಂದಿಗೆ ದೂರದ ಚಳಿದೇಶಕ್ಕೆ ಹೋದವನು ಶವಪೆಟ್ಟಿಗೆಯಲ್ಲಿ ಮರಳಿ ಬಂದ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಗುಂಡಿಗೆ ಎದೆಯೊಡ್ಡಿ ಸತ್ತ ಎಂದು ಅಪ್ಪ ಎಲ್ಲರಿಗೂ ಹೇಳಿದ್ದ.

ಅವನು ಸತ್ತು ಅವತ್ತಿಗೆ ಎರಡು ವರ್ಷ. ಮುಂದಿನ ಕೋಣೆಯಲ್ಲಿ ಮಗನ ಫೋಟೋ ಇಟ್ಟು, ಮಧ್ಯಾಹ್ನ ಬೀದಿಯವರೆಲ್ಲ ಸೇರಿದ್ದರು. ಬಂದವರನ್ನು ಕೂರಿಸುವ ಗಡಿಬಿಡಿಯಲ್ಲಿ ಇಸ್ತ್ರಿಯವನು ಬೆಳಗಿನ ಇಸ್ತ್ರಿಯಲ್ಲಿ ಉಳಿದ ಕೆಂಡಕ್ಕೆ ನೀರು ಸುರಿಯುವುದನ್ನೇ ಮರೆತಿದ್ದ. ಒಳಗೆ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ತಿಂಗಳ ಕೂಸಿನೊಂದಿಗೆ ಮಲಗಿದ್ದಳು. ಪಾಪ, ನಡುಗುತ್ತಾಳೆಂದು ಹೆಂಡತಿ ಬಾಣಲೆ ತುಂಬ ಕೆಂಡ ಒಯ್ದಿಟ್ಟು, ಕಿಟಕಿ ಬಾಗಿಲು ಎರಡನ್ನೂ ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ಕೂಸನ್ನು ನೋಡಲು ಆರೋಗ್ಯ ಕೇಂದ್ರದ ನರ್ಸಕ್ಕ ಬಂದಳು. ಒಳಕೋಣೆಯ ಬಾಗಿಲು ತೆರೆದು ಕೆಂಡದ ಬಾಣಲೆ ಕಂಡವಳೇ ಕೂಗಿಕೊಂಡಳು.

"ಏಳಮ್ಮಾ, ಎದ್ದು ಹೊರಗೆ ಬಾ! ಯಾರಾದ್ರೂ ಕೂಸನ್ನ ಎತ್ಕೊಳ್ಳಿ!"

ಮಗಳು ತೂರಾಡುತ್ತ ಅಂಗಳಕ್ಕೆ ಬಂದು ವಾಂತಿ ಮಾಡಿಕೊಂಡಳು. ತಲೆ ಸಿಡಿಯುತ್ತಿದೆ ಎಂದಳು. ಹೊರಗಿನ ಗಾಳಿ ತಗುಲಿ ಕೂಸು ಅಳತೊಡಗಿತು.

"ಬಾಣಂತಿಗೆ ತಲೆನೋವು ಬರಲ್ವಾ?" ಹೆಂಡತಿಗೆ ಸಿಟ್ಟು. "ಒಂದು ಎಳೆ ಹೊಗೆನೂ ಇರ್ಲಿಲ್ಲ ಅಲ್ಲಿ."

"ಹೊಗೆ ಇಲ್ದಿದ್ರೂ ಕೆಂಡದಿಂದ ವಿಷಗಾಳಿ ಬರುತ್ತಮ್ಮ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಕೋಣೇಲಿ ಮಲಗಿದವರು ಮಲಗಿದ ಹಾಗೇ ಹೋಗ್ಬಿಡ್ತಾರೆ. ನಡೀರಿ, ಇಬ್ಬರನ್ನೂ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಆಸ್ಪತ್ರೆ ಯಾಕೆ? ಮೂವತ್ತು ವರ್ಷ ಇದೇ ಕೆಂಡದಲ್ಲಿ ಚಳಿ ಕಳೆದಿದ್ದೀವಿ. ನಮ್ಮನೇಲಿ ಒಬ್ರಾದ್ರೂ ಸತ್ತಿದ್ದಾರಾ, ಹೇಳು ನೋಡೋಣ!"

ಇಸ್ತ್ರಿಯವನು ಸುತ್ತ ನೋಡಿದ. ಬೀದಿಗೆ ಬೀದಿಯೇ ಎದುರಿಗಿತ್ತು. ಸುಮ್ಮನಿದ್ದರೆ ಮಗನ ಹೆಸರು ಉಳಿಯುತ್ತಿತ್ತು. ಆದರೆ ಇವಳು ನಾಳೆ ಮತ್ತೆ ಕೆಂಡ ಒಯ್ಯುತ್ತಾಳೆ.

"ಸತ್ತಿದ್ದಾನೆ ಕಣೇ" ಎಂದ.

"ಯಾರು?"

ಅವನು ಫೋಟೋದ ಕಡೆ ಕೈ ತೋರಿಸಿದ.

"ಗುಂಡೂ ಇಲ್ಲ, ಶತ್ರೂನೂ ಇಲ್ಲ. ಪಹರೆ ಮುಗಿಸಿ ಬಂದು, ಡಬ್ಬದಲ್ಲಿ ಕೆಂಡ ಇಟ್ಕೊಂಡು, ಬಾಗಿಲು ಹಾಕಿ ಮಲಗಿದ್ದಾನೆ. ಜೊತೇಲಿದ್ದ ಹುಡುಗ ಹೇಗೋ ಬದುಕ್ಕೊಂಡ, ಅವನೇ ಕಾಗದ ಬರ್ದಿದ್ದ. 'ನಮ್ಮಪ್ಪ ಮನೇಲಿ ಹೀಗೇ ಮಾಡೋದು, ಏನೂ ಆಗಲ್ಲ' ಅಂದಿದ್ನಂತೆ ನಮ್ಮ ಹುಡುಗ."

ಹೆಂಡತಿ ಗೋಡೆ ಹಿಡಿದುಕೊಂಡಳು.

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ರೀ... ಇವತ್ತು ನನ್ನ ಕೈಯಾರೆ ಇವರಿಬ್ಬರನ್ನೂ..."

"ಹೇಗೆ ಹೇಳ್ಲಿ? ನಾಲ್ಕು ಜನ ಏನಂತಾರೆ ಅಂತ ಹೆದರಿದೆ. ಅವನಿಗೆ ಕಲಿಸಿದೋನೂ ನಾನೇ ಅಲ್ವಾ?"

"ಕೆಲಸದ ಮೇಲೆ ಹೋಗಿ ಸತ್ತ ಹುಡುಗ ಅಣ್ಣಾ. ಹೇಗೆ ಸತ್ತ ಅಂತ ಹೇಳಿದ್ರೆ ಅವನ ಮರ್ಯಾದೆ ಕಮ್ಮಿ ಆಗಲ್ಲ" ಎಂದಳು ನರ್ಸಕ್ಕ.

ಹೆಂಡತಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗಳ ಕೈ ಹಿಡಿದು ಆಸ್ಪತ್ರೆಗೆ ಹೊರಟಳು. ಮಗಳು, ಕೂಸು ಇಬ್ಬರೂ ಬದುಕಿ ಉಳಿದರು. ಆ ವಾರವೇ ಇಸ್ತ್ರಿಯವನು ಮನೆಮನೆಗೂ ಹೋಗಿ ಮಗನ ಸಾವಿನ ನಿಜವಾದ ಕಾರಣ ಹೇಳಿ ಬಂದ. ಕೆಲವು ಕಡೆ ಹೇಳಿ ಮುಗಿಸಲಾಗದೆ ಅತ್ತ.

ಓದುವವರೇ, ನಿಮ್ಮ ಮನೆಯಲ್ಲೂ ಚಳಿಗೆ ಕೆಂಡ ಒಳಗೆ ಹೋಗುತ್ತಿದ್ದರೆ ಇಂದಿಗೇ ನಿಲ್ಲಿಸಿ. ಕಿಟಕಿ ಸ್ವಲ್ಪ ತೆರೆದಿದೆ ಎಂದು ನಂಬಿ ಮಲಗಬೇಡಿ. ಉಳಿದ ಕೆಂಡವನ್ನು ಹೊರಗೇ ಆರಿಸಿ, ಚಳಿಗೆ ಇನ್ನೊಂದು ಕಂಬಳಿ ಹೊದೆಯಿರಿ. ಯಾರಿಗಾದರೂ ತಲೆನೋವು, ವಾಂತಿ, ಮಂಪರು ಬಂದರೆ ಮೊದಲು ಹೊರಗಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ನಿಮ್ಮವರು ಯಾರಾದರೂ ಹೀಗೆ ಹೋಗಿದ್ದರೆ ಅದನ್ನು ಬಚ್ಚಿಡಬೇಡಿ, ಪಕ್ಕದ ಮನೆಯವರಿಗೆ ಇವತ್ತೇ ಹೇಳಿ. ಆ ತಂದೆ ಎರಡು ವರ್ಷ ತಡಮಾಡಿದ.