ಟ್ರೆಸಾಳ ಪರವಾಗಿ

ಮಣ್ಣು ಕೊಟ್ಟು ಬಂದವರಿಗೆ ಇಗರ್ಜಿಯ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಬಡಿಸುತ್ತಲೇ ಟ್ರೆಸಾ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು. ಒಂದು ಗಂಟೆಗೆ ಫೋನ್ ಬರಲಿತ್ತು. ನಿರುದ್ಯೋಗ ಭತ್ಯೆಯ ಮೇಲ್ಮನವಿಯ ವಿಚಾರಣೆ ಅದು. ಎತ್ತದಿದ್ದರೆ ಅರ್ಜಿ ವಜಾ. ಕಚೇರಿ ಎರಡು ವರ್ಷದ ಹಿಂದೆ ತಪ್ಪಿ ಹೆಚ್ಚಾಗಿ ಕೊಟ್ಟ ಹನ್ನೊಂದು ಸಾವಿರ ಡಾಲರನ್ನು ಅವಳ ಈಗಿನ ಸಂಬಳದಿಂದ ಮುರಿದುಕೊಳ್ಳುತ್ತಾರೆ. ಅವಳ ಪರವಾಗಿ ಮಾತಾಡಬೇಕಿದ್ದ ಬರ್ನಡೀನಳನ್ನೇ ಈಗಷ್ಟೇ ಮಣ್ಣು ಮಾಡಿ ಬಂದಿದ್ದರು.

"ಇನ್ನೊಂದು ದಿನ ಇಟ್ಕೊಳ್ಳಿ ಅಂತ ಕೇಳ್ಲಾ?" ಎಂದು ಬರ್ನಡೀನಳ ಗಂಡ ಎಮಿಲ್‌ನನ್ನು ಕೇಳಿದಳು.

"ಆ ದಿನ ಅವಳೇನು ಎದ್ದು ಬರ್ತಾಳಾ?" ಎಂದ ಮುದುಕ.

* * *

ಬರ್ನಡೀನ್ ಇಪ್ಪತ್ತಾರು ವರ್ಷ ಅದೇ ಭತ್ಯೆ ಕಚೇರಿಯಲ್ಲಿ ಕೂತು ಇಂಥ ವಸೂಲಿ ಪತ್ರಗಳನ್ನು ಕಳಿಸಿದವಳು. ತಪ್ಪು ಕಚೇರಿಯದಾದರೂ ಜನ ಮರ್ಯಾದೆಗೆ ಅಂಜಿ, ಸಾಲ ಮಾಡಿ ಕಟ್ಟಿಬಿಡುತ್ತಿದ್ದರು. ಅವರ ಹಕ್ಕುಗಳನ್ನು ಪತ್ರದ ಹಿಂಬದಿ ಇರುವೆಯಂಥ ಅಕ್ಷರದಲ್ಲಿ ಅಚ್ಚು ಹಾಕಿದರೆ ಯಾರ ಕಣ್ಣಿಗೆ ಬೀಳಬೇಕು? ನಿವೃತ್ತಳಾದ ಮರುವಾರವೇ ಅವಳು ಅಡುಗೆಮನೆಯ ಮೇಜನ್ನು ಅಂಥ ಪತ್ರ ಬಂದವರಿಗೆ ಬಿಟ್ಟುಕೊಟ್ಟು, ಅವರ ಮೇಲ್ಮನವಿ ಬರೆದು, ಅವರ ಪರವಾಗಿ ಮಾತಾಡತೊಡಗಿದಳು. ಎಮಿಲ್ ಹತ್ತು ವರ್ಷ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ. ಗೊಣಗಿದ್ದಕ್ಕೆ ಲೆಕ್ಕವಿಲ್ಲ.

ಕಾರಿನ ಸೀಟು ಹೊಲಿಯುವ ಕಾರ್ಖಾನೆ ಮುಚ್ಚಿದಾಗ ಭತ್ಯೆ ಪಡೆದಿದ್ದ ಟ್ರೆಸಾ ಪತ್ರ ಹಿಡಿದು ಅಲ್ಲಿಗೆ ಹೋದದ್ದು, ಕಂತಿನಲ್ಲಿ ಕಟ್ಟಲು ದಾರಿ ಮಾಡಿಕೊಡಿ ಎಂದು ಬೇಡಲು. ಬರ್ನಡೀನಳಿಗೆ ಸಿಟ್ಟು ಬಂತು.

"ನೀನೇನಾದ್ರೂ ಮುಚ್ಚಿಟ್ಟಿದ್ಯೇನೇ?"

"ಇಲ್ಲ. ಕೇಳಿದ್ದಕ್ಕೆಲ್ಲ ನಿಜಾನೇ ಬರ್ದಿದ್ದೆ."

"ಮತ್ತೆ? ಎಣಿಸೋಕೆ ಬರದೇ ಇದ್ದದ್ದು ಅವರಿಗೆ. ಬಾಡಿಗೆಗೆ, ಹಾಲಿಗೆ ಖರ್ಚಾಗೋಯ್ತು, ಕಟ್ಟೋಕಾಗಲ್ಲ, ಮನ್ನಾ ಮಾಡಿ ಅಂತ ಕೇಳು. ಕಾನೂನಲ್ಲೇ ಇದೆ ಕಣೇ, ಭಿಕ್ಷೆ ಅಲ್ಲ."

* * *

ಒಂದಕ್ಕೆ ಸರಿಯಾಗಿ ಫೋನ್ ಬಡಿದುಕೊಂಡಿತು. ಒಂದು ಕಾಲದಲ್ಲಿ ಬರ್ನಡೀನಳ ಮೇಜಿಗೆ ಪತ್ರ ಹಿಡಿದು ಬಂದಿದ್ದವರು ತಟ್ಟೆಯಿಂದ ತಲೆ ಎತ್ತಿದರು. ಟ್ರೆಸಾ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು. ವಿಷಯ ತಿಳಿದ ನ್ಯಾಯಾಧಿಕಾರಿ ಸಂತಾಪ ಹೇಳಿ, ಬೇಕಾದರೆ ದಿನಾಂಕ ಬದಲಿಸಿಕೊಡುತ್ತೇನೆ ಎಂದರು.

"ಬೇಡ ಸರ್. ನಾನೇ ಮಾತಾಡ್ತೀನಿ. ಈಗ್ಲೇ ನಡೆಸಿ."

ಹಾಗಾದರೆ ಜೊತೆಯಲ್ಲಿ ಯಾರಾದರೂ ಇದ್ದರೆ ದಾಖಲೆಗೆ ಹೆಸರು ಹೇಳಬೇಕು ಎಂದರು ಅವರು.

ಎಮಿಲ್ ಕುರ್ಚಿ ಎಳೆದುಕೊಂಡು ಬಂದು ಅವಳ ಪಕ್ಕ ಕೂತ. ಫೋನಿನತ್ತ ಬಗ್ಗಿ, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ ತನ್ನ ಹೆಸರು ಹೇಳಿದ. ಅವನ ಹಿಂದೆ ಇನ್ನೊಂದು ಕುರ್ಚಿ ಸರಿಯಿತು, ಇನ್ನೊಂದು ಹೆಸರು ಬಂತು. ಆಮೇಲೆ ಮತ್ತೊಂದು. ಹನ್ನೆರಡನೆಯದಕ್ಕೆ ನ್ಯಾಯಾಧಿಕಾರಿ, ಸ್ವಲ್ಪ ನಿಧಾನ, ಬರೆದುಕೊಳ್ಳುತ್ತಿದ್ದೇನೆ ಎಂದರು.

ನೆಲಮಾಳಿಗೆಯ ಮೂಲೆಯಲ್ಲಿ ಇನ್ನೂ ಕುರ್ಚಿಗಳು ಸರಿಯುತ್ತಿದ್ದವು.