ಪಾರ್ಸೆಲ್ ಕೋಣೆಯ ತೂಕದ ಯಂತ್ರ

1986ರ ನವೆಂಬರ್ 11, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ತೂಕದ ಯಂತ್ರವಾದೆ. ಅದಕ್ಕೆ ಮುಂಚೆ ಬರೀ ಎರಕದ ಕಬ್ಬಿಣ, ಒಂದು ಸ್ಪ್ರಿಂಗು, ಗಡಿಯಾರದಂಥ ಒಂದು ಮುಖ. ಸರ್ಕಾರದ ಪರೀಕ್ಷಕರು ತೂಕದ ಬಟ್ಟುಗಳನ್ನಿಟ್ಟು ನೋಡಿ ನನಗೆ ಸೀಸದ ಮುದ್ರೆ ಒತ್ತಿದರು.

ರೈಲ್ವೆ ಜಂಕ್ಷನ್ನೊಂದರ ಪಾರ್ಸೆಲ್ ಕೋಣೆಗೆ ನನ್ನನ್ನು ತಂದರು. ಮೆಣಸಿನಕಾಯಿ ಚೀಲ, ಸೈಕಲ್ಲು, ವೀಳ್ಯದೆಲೆಯ ಬುಟ್ಟಿ ತೂಗಿದೆ. ಗುಮಾಸ್ತ ಮೌಲಾಸಾಹೇಬರು ದಿನಾ ನನ್ನ ಗಾಜು ಒರೆಸುತ್ತಿದ್ದರು. ಅಲ್ಲಿ ಕುರ್ಚಿ ಒಂದೇ ಇದ್ದುದರಿಂದ, ಟಿಕೆಟಿಲ್ಲದೆ ಸಿಕ್ಕವರನ್ನು ತಪಾಸಣೆಯ ಸ್ಕ್ವಾಡಿನವರು ನನ್ನ ಮೇಲೆಯೇ ಕೂರಿಸುತ್ತಿದ್ದರು. ಹೆದರಿದವರು ಕೂತರೆ ಮುಳ್ಳು ಒಂದೆಡೆ ನಿಲ್ಲುವುದಿಲ್ಲ.

ಒಂದು ಮಧ್ಯಾಹ್ನ ಸ್ಕ್ವಾಡಿನ ಪರಶುರಾಮಪ್ಪ ಒಬ್ಬ ಹೆಂಗಸನ್ನು ರಟ್ಟೆ ಹಿಡಿದು ಎಳೆತಂದ. ಹೆಸರು ನೀಲಗಂಗವ್ವ. ಅವಳ ಕೈಯಲ್ಲಿದ್ದದ್ದು ಹಿಂದಿನ ಸ್ಟೇಷನ್ನಿನ ಪ್ಲಾಟ್‌ಫಾರಂ ಟಿಕೆಟ್ಟು.

"ಗಂಡನ ಮನಿಗೆ ಹೊಂಟ ಮಗಳಿಗೆ ಉಡಿ ತುಂಬಾಕ ಗಾಡಿ ಹತ್ತಿದ್ನಿರಿ. ಮೂರನೇ ಬೊಗಸಿ ಅಕ್ಕಿಗೆ ಗಾಡಿ ಬಿಡ್ತು."

"ಇಳೀಬೇಕಿಲ್ಲೋ?"

"ಐದು ಬೊಗಸಿ ಆಗದ, ಉಡಿ ಅರ್ಧಾ ಬಿಟ್ಟು ಹ್ಯಾಂಗ ಇಳೀಲ್ರಿ ಯಪ್ಪಾ?"

"ಸರಪಳಿ ಎಳೀಬೇಕಿತ್ತು."

"ಎಳದ್ರ ದಂಡ ಅಂತ ಬರದಾರ ಅಂದ್ಳ್ರಿ ಮಗಳು."

ಪರಶುರಾಮಪ್ಪ ನಕ್ಕ. "ಭಾಳ ಕಾನೂನು ಬಲ್ಲ ಮಂದಿ. ಗಾಡಿ ಹೊರಟ ಊರಿಂದ ಚಾರ್ಜು, ಅದರ ಮ್ಯಾಲ ದಂಡ. ಕಟ್ಟು, ಇಲ್ಲಾ ಕೋರ್ಟಿಗೆ ನಡಿ."

"ಕಿವ್ಯಾಗಿನ್ವು ಒತ್ತಿ ಇಟ್ಟಾದ್ರೂ ಕಟ್ತೀನ್ರಿ. ಮೊದಲ ನಾ ಹತ್ತಿದ ಊರಿನ ಟೇಶನ್ನಿಗೆ ಫೋನ್ ಮಾಡ್ರಿ. ಮೊಮ್ಮಗನ್ನ, ನನ್ನ ಮಗನ ಕೂಸನ್ನ, ಅಲ್ಲೇ ಟೇಶನ್ನಿನ ಬೇವಿನ ಕಟ್ಟಿ ಮ್ಯಾಲ ಕುಂದ್ರಿಸಿ ಬಂದೀನಿ. ಮೂರು ವರ್ಷದ್ದು. ಒಬ್ಬನ ಅದಾನ."

"ದಿನಾ ಒಂದು ಕೂಸಿನ ಕತಿ ಕೇಳ್ತೀನಿ ನಾ. ಹೋದ ವಾರ ಒಬ್ಬಾಕಿ ಅವಳಿ-ಜವಳಿ ಅಂದಿದ್ಳು."

ಮೌಲಾಸಾಹೇಬರು ಫೋನಿನತ್ತ ಕೈ ಚಾಚಿದರು. "ಸಾಹೇಬ್ರ, ನಾ ಒಂದು ಮಾತು ಕೇಳ್ಲೇನು?"

"ನೀವು ನಿಮ್ಮ ಚೀಲ ತೂಗ್ರಿ."

ಅವಳು ಹತ್ತಿದ್ದ ಊರಿನ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿ ಬಂದು ನಿಂತಿತು. ಎದ್ದವಳನ್ನು ಪರಶುರಾಮಪ್ಪ ಹೆಗಲು ಅದುಮಿ ಕೂರಿಸಿದ. ಅವನ ಕೈಯ ಭಾರವೂ ನನ್ನ ಮುಳ್ಳಿನಲ್ಲಿ ತೋರಿತು, ಯಾರೂ ನೋಡಲಿಲ್ಲ. ಗಾಡಿ ಹೋಯಿತು.

ಅವನು ಚಹಾಕ್ಕೆ ಹೋದಾಗ ಮೌಲಾಸಾಹೇಬರು ಫೋನ್ ಮಾಡಿದರು. ಕೇಳಿಸಿಕೊಂಡು ಮೆಲ್ಲಗೆ ಇಟ್ಟರು.

"ತಂಗಿ, ಕಟ್ಟಿ ಮ್ಯಾಲ ಯಾರೂ ಇಲ್ಲಂತ."

ಅವಳನ್ನು ಬಿಟ್ಟದ್ದು ಸಂಜೆಗೆ. ಮಗು ಸಿಗಲಿಲ್ಲ.

ಅದೇ ವಾರ ಅವಳು ಮತ್ತೆ ಬಂದಳು. ಪೊಲೀಸರು ಮಗುವಿನ ತೂಕ ಕೇಳಿದ್ದರಂತೆ.

"ಎಂದೂ ತೂಗಿಸಿಲ್ಲರಿ ಅಣ್ಣಾ. ನನ್ನ ಟೊಂಕಕ್ಕ ಗೊತ್ತೈತಿ."

ಮೌಲಾಸಾಹೇಬರು ಬೆಂಕಿ ಆರಿಸಲು ತೂಗುಹಾಕಿದ್ದ ಬಕೆಟ್ಟಿನ ಮರಳನ್ನು ಒಂದು ಚೀಲಕ್ಕೆ ಸುರಿದರು. ಅವಳು ಅದನ್ನು ಸೊಂಟಕ್ಕೇರಿಸಿ ಕಣ್ಣು ಮುಚ್ಚಿದಳು. "ಇನ್ನೊಂದೀಟು." ಮತ್ತೆ ಏರಿಸಿದಳು. "ಹೆಚ್ಚಾತು, ತಗೀರಿ." ಕೊನೆಗೊಮ್ಮೆ ಚೀಲಕ್ಕೆ ಕೆನ್ನೆ ಆನಿಸಿ ಬಹಳ ಹೊತ್ತು ನಿಂತಳು. ಆಮೇಲೆ, ನಿದ್ದೆ ಹೋದವನನ್ನು ಮಲಗಿಸುವಂತೆ, ನನ್ನ ಮೇಲೆ ಇಳಿಸಿದಳು.

ಕಾಲ ಸರಿಯಿತು. ಎಲೆಕ್ಟ್ರಾನಿಕ್ ಯಂತ್ರ ಬಂದು, ನಾನು ಹರಾಜಿನಲ್ಲಿ ಗುಜರಿಯ ಅಂಗಳ ಸೇರಿದೆ. ಬಹುಕಾಲ ಹೊತ್ತ ಭಾರವನ್ನು ಸ್ಪ್ರಿಂಗು ಪೂರ್ತಿ ಮರೆಯುವುದಿಲ್ಲ. ಅದು ಲೋಹದ ಗುಣ. ಆದರೆ ಆ ಚೀಲವನ್ನು ನಾನು ಹೊತ್ತದ್ದು ಒಂದೇ ಸಲ. ಹಾಗಿದ್ದೂ ಈಗ ಆಗುತ್ತಿರುವುದಕ್ಕೆ ಯಾವ ವಿವರಣೆ ಕೊಡಬೇಕೋ ತಿಳಿಯದು. ಬಯಲಿನಾಚೆ ರೈಲು ಕೂಗಿದಾಗ, ಮೇಲೆ ಏನೂ ಇಲ್ಲದ ನನ್ನ ಮುಳ್ಳು ಮೆಲ್ಲಗೆ ಏರಿ ಒಂದು ಗೀಟಿನ ಬಳಿ ನಿಲ್ಲುತ್ತದೆ: ಹದಿಮೂರು ಕಿಲೋ ನಾಲ್ಕು ನೂರು ಗ್ರಾಂ.