ಉಳಿದ ಮುಂಗಡ

ಕಾಫಿ ಸೀದುಹೋಗಿದೆ, ಬೆಳಿಗ್ಗೆ ಇಟ್ಟದ್ದನ್ನೇ ಇನ್ನೂ ಕಾಯಿಸುತ್ತಿದ್ದಾರೆ ಈ ವಕೀಲರ ಆಫೀಸಿನಲ್ಲಿ, ಹೋದ ವರ್ಷವೂ ಇದೇ ವಾಸನೆ, ಇದೇ ಕುರ್ಚಿ, ವರ್ನಾ ಇಲ್ಲೇ ಕೂತು ಹೇನ್ಸ್ ವಕೀಲರಿಗೆ ಮೂರು ಸಾವಿರ ಡಾಲರ್ ಮುಂಗಡ ಕೊಟ್ಟಿದ್ದಳು, ಗಂಡ ಡೆಲ್ಮರ್‌ನಿಂದ ವಿಚ್ಛೇದನ ಕೊಡಿಸಿ ಎಂದು, ಅವನಿಗೆ ಗೊತ್ತಿಲ್ಲದಂತೆ — ಗೊತ್ತಾಗುವ ಮೊದಲೇ ಅವನು ಗ್ಯಾರೇಜಿನಲ್ಲಿ ಕುಸಿದ, ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು, ಇನ್ನು ಯಾವ ಕೋರ್ಟು, ಸ್ನಾನ ಮಾಡಿಸಬೇಕು, ಸೂಪು ಕುಡಿಸಬೇಕು, ಒಹಾಯೊ ನದಿಯ ದೋಣಿಗಳ ಕೆಲಸದಲ್ಲಿ ಕೂಗಿ ಕೂಗಿ ಗಡುಸಾದ ಅವನ ಬಾಯಿ ಈಗ ಥ್ಯಾಂಕ್ಸ್ ಕಣೇ ಅನ್ನುತ್ತದೆ, ಕೇಳಿದರೆ ಇನ್ನೊಂದು ಸೌಟು ಸೂಪು ಬಗ್ಗಿಸುತ್ತಾಳೆ, ಪ್ರೀತಿಯೇ, ಗೊತ್ತಿಲ್ಲ, ಆದರೆ ಅವನಿಗೆ ಈ ಕೇಸಿನ ವಿಷಯ ತಿಳಿಯಬಾರದು, ಸತ್ತರೂ ತಿಳಿಯಬಾರದು. ಕೇಸು ಬೇಡ, ಖರ್ಚಾಗದ ದುಡ್ಡು ವಾಪಸ್ ಕೊಡಿ, ಬಾಗಿಲಿಗೆ ಗಾಲಿಕುರ್ಚಿ ಇಳಿಯುವ ಇಳಿಜಾರು ಹಾಕಿಸಬೇಕು ಎಂದು ಎಷ್ಟು ಸಲ ಫೋನು ಮಾಡಿದಳು, ಫೋನಿಗೂ ಬಿಲ್ಲು ಹಾಕುತ್ತಾರೇನೋ ಎಂದು ಮಾತು ನುಂಗಿ ನುಂಗಿ, ಆಫೀಸಿನವರದು ಒಂದೇ ರಾಗ, ಸಾಹೇಬರಿಗೆ ಹೇಳ್ತೀನಿ ಮೇಡಂ, ನೋಡೋಣ ಮೇಡಂ, ಕೊನೆಗೆ ಸಿಟ್ಟು ನೆತ್ತಿಗೇರಿ ಕಾಗದವನ್ನೇ ಬರೆದು ಹಾಕಿದಳು, ವಕೀಲರ ಸಂಘಕ್ಕೆ ದೂರು ಕೊಡುತ್ತೇನೆ ಎಂದು. ಅದಕ್ಕೇ ಈಗ ಮೇಜಿನಾಚೆಯ ಗುಮಾಸ್ತೆ ಡೀನಾ ಹಲ್ಲು ಕಿರಿಯುತ್ತಿದ್ದಾಳೆ, ಅಯ್ಯೋ ನೀವ್ಯಾಕೆ ಬರೋಕೆ ಹೋದ್ರಿ, ಚೆಕ್ಕು ಸೋಮವಾರಾನೇ ಪೋಸ್ಟ್ ಮಾಡಿದ್ವಲ್ಲ — ನಮ್ಮಕ್ಕನ ಮನೆಗೆ ತಾನೇ, ನನ್ನ ಮನೆಗೆ ಒಂದು ಚೂರು ಕಾಗದಾನೂ ಬರಬಾರ್ದು ಅಂತ ಮೊದಲೇ ಹೇಳಿದ್ದೆ — ಇಲ್ಲ ಮೇಡಂ, ನಿಮ್ಮ ಕಾಗದದ ಕವರ್ ಮೇಲೆ ಬೇರೆ ಅಡ್ರೆಸ್ ಇತ್ತಲ್ಲ, ನೋಡಿ. ನೋಡಿದಳು. ಎಡಮೂಲೆಯಲ್ಲಿ ಮನೆಯ ವಿಳಾಸ ಅಚ್ಚಾದ ಅಂಟುಚೀಟಿ, ಕ್ರಿಸ್‌ಮಸ್ಸಿಗೆ ಚಂದಾ ಕೇಳುವವರು ಬಿಟ್ಟಿ ಕಳಿಸುವ ಹಾಳೆಯದು, ಕೆಂಪು ಹಕ್ಕಿ, ಡೆಲ್ಮರ್ ಮತ್ತು ವರ್ನಾ ಸ್ಟೋಲ್ಟ್ಸ್, ಕರೆಂಟು ಬಿಲ್ಲಿಗೂ ಅದೇ, ಇದಕ್ಕೂ ಅದೇ, ಕೈ ತಾನಾಗಿ ಅಂಟಿಸಿಬಿಟ್ಟಿದೆ, ಈ ಕೈಗಿಷ್ಟು ಬೆಂಕಿ ಬೀಳ. ಸೋಮವಾರ ಹಾಕಿದ್ದು, ಅಂದರೆ ಇವತ್ತು ಮನೆ ತಲುಪುತ್ತದೆ, ಇದೇ ಟಪಾಲಿನವನು ಬಂದುಹೋಗುವ ಹೊತ್ತು, ಬಾಗಿಲ ಪಕ್ಕದ ಡಬ್ಬಿಗೆ ಡೆಲ್ಮರ್ ಕುರ್ಚಿ ತಳ್ಳಿಕೊಂಡು ಹೋಗುತ್ತಾನೆ, ಟಪಾಲು ನಂದು ಕಣೇ, ನೀನು ಮುಟ್ಟಬೇಡ, ಅದೊಂದಾದ್ರೂ ನಾನು ಮಾಡ್ತೀನಿ, ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಹರಿಯುತ್ತಾನೆ, ಅವಳ ಹೆಸರಿನದಾದರೂ ಸರಿ, ಹಲ್ಲಿನಿಂದ — ಚೆಕ್ಕಿನ ಜೊತೆ ಏನಾದ್ರೂ ಬರೆದಿದ್ದೀರಾ, ಹೂಂ ಮೇಡಂ, ಒಂದೇ ಸಾಲು, ಡೈವೋರ್ಸ್ ಕೇಸಿನ ಬಾಕಿ ಮುಂಗಡ ಅಂತ — ಫೋನು, ಎಲ್ಲಿ ಫೋನು, ಎತ್ತು ಡೆಲ್ಮರ್, ಎತ್ತು, ಎತ್ತಿದ, ವರ್ನಾನಾ, ಯಾರೋ ವಕೀಲರಿಂದ ಬಂದಿದೆ ಕಣೇ ನಿನಗೆ, ಇರು, ಒಂದೇ ಕೈ ನೋಡು, ಫೋನು ತೊಡೆ ಮೇಲಿಡ್ತೀನಿ — ಬೇಡ, ಬೇಡ ಡೆಲ್ಮರ್, ಬೇಡ ಎಂದು ಅವನ ತೊಡೆಗೆ ಕೂಗುತ್ತಿದ್ದಾಳೆ, ಎಡಗೈ, ಲಕೋಟೆಯ ಅಂಚು, ಹಲ್ಲು, ಹಲ್ಲು